ಅಂಗಣದಿಂದ ಆಡಳಿತಕ್ಕೆ: ಜೀನ್ ಸ್ಮಿತ್ ಮತ್ತು ಅಮೆರಿಕದ ಕಾಲೇಜು ಕ್ರೀಡೆಯ ಲೆಕ್ಕಪತ್ರ

2025ರ ಜನವರಿ 20ರಂದು ಅಟ್ಲಾಂಟಾ ನಗರದಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್‌ನ ರಾಷ್ಟ್ರೀಯ ಅಂತಿಮ ಪಂದ್ಯ ನಡೆಯಿತು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡವು ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡವನ್ನು 34-23 ಅಂಕಗಳಿಂದ ಮಣಿಸಿ ಪ್ರಶಸ್ತಿ ಪಡೆಯಿತು. ವಿಜೇತ ತಂಡದ ಆಟಗಾರರಿಗೆ ಆ ಋತುವಿನಲ್ಲಿ ಸಂದ ಹಣ ಸುಮಾರು 2 ಕೋಟಿ ಡಾಲರ್ ಎಂಬುದನ್ನು ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕ ರಾಸ್ ಬ್ಯೋರ್ಕ್ ಬಹಿರಂಗವಾಗಿಯೇ ಹೇಳಿದ್ದರು. 2010ರ ಡಿಸೆಂಬರ್‌ನಲ್ಲಿ ಇದೇ ವಿಶ್ವವಿದ್ಯಾಲಯದ ಐವರು ಆಟಗಾರರು ತಮಗೆ ದೊರೆತ ಉಂಗುರ, ಜರ್ಸಿ, ಪದಕಗಳನ್ನು ಮಾರಿದ ತಪ್ಪಿಗಾಗಿ ತಲಾ ಐದು ಪಂದ್ಯಗಳ ನಿಷೇಧಕ್ಕೆ ಗುರಿಯಾಗಿದ್ದರು. ಅವರು ಪಡೆದಿದ್ದ ಮೊತ್ತ ತಲಾ 1,000ದಿಂದ 2,500 ಡಾಲರ್ ಮಾತ್ರ.

ಒಂದು ಕಾಲಕ್ಕೆ ಶಿಕ್ಷಾರ್ಹವಾಗಿದ್ದ ಸಂಗತಿ ಒಂದೂವರೆ ದಶಕದೊಳಗೆ ಅಂಗೀಕೃತ ಪದ್ಧತಿಯಾಗಿ ಮಾರ್ಪಟ್ಟಿತು. ಈ ಪರಿವರ್ತನೆಯ ಬಹುಪಾಲು ಅವಧಿಯಲ್ಲಿ ಒಹಾಯೊ ಸ್ಟೇಟ್‌ನ ಕ್ರೀಡಾ ವಿಭಾಗದ ಚುಕ್ಕಾಣಿ ಹಿಡಿದಿದ್ದವರು ಜೀನ್ ಸ್ಮಿತ್. 2005ರಿಂದ 2024ರವರೆಗೆ ಅವರು ಅಲ್ಲಿನ ಕ್ರೀಡಾ ನಿರ್ದೇಶಕರಾಗಿದ್ದರು. ಅಟ್ಲಾಂಟಾದಲ್ಲಿ ಸೋತದ್ದು ಅವರು ವಿದ್ಯಾರ್ಥಿಯಾಗಿ ಆಡಿದ್ದ ವಿಶ್ವವಿದ್ಯಾಲಯ; ಗೆದ್ದದ್ದು ಅವರು ಅಧಿಕಾರಿಯಾಗಿ ಬೆಳೆಸಿದ ವಿಶ್ವವಿದ್ಯಾಲಯ.

ಆಟಗಾರನಾಗಿದ್ದವನು ಆಡಳಿತದ ಕುರ್ಚಿಯಲ್ಲಿ ಕುಳಿತರೆ ಆಟಗಾರರ ಹಿತ ತಾನಾಗಿಯೇ ರಕ್ಷಿತವಾಗುತ್ತದೆ ಎಂಬ ನಂಬಿಕೆ ಎಲ್ಲ ದೇಶಗಳಲ್ಲೂ, ಎಲ್ಲ ಕ್ರೀಡೆಗಳಲ್ಲೂ ಇದೆ. ಈ ನಂಬಿಕೆ ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಪರಿಶೀಲಿಸಲು ಸ್ಮಿತ್ ಅವರ ವೃತ್ತಿಜೀವನ ಒಂದು ಉತ್ತಮ ನಿದರ್ಶನ.

ನಿರ್ದೇಶಕನೆಂದರೆ ಯಾರು?

ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವುದು ಜಗತ್ತಿನ ಉಳಿದೆಡೆ ಆ ಹೆಸರಿನಿಂದ ಪರಿಚಿತವಾದ ಕಾಲ್ಚೆಂಡಾಟವನ್ನಲ್ಲ. ಶಿರಸ್ತ್ರಾಣ ಧರಿಸಿದ ಆಟಗಾರರು ಅಂಡಾಕಾರದ ಚೆಂಡನ್ನು ಬಹುಮಟ್ಟಿಗೆ ಕೈಯಲ್ಲಿಯೇ ಹಿಡಿದು ಎದುರಾಳಿಯ ಗಡಿ ದಾಟಿಸುವ ಆಟ ಅದು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಈ ಆಟ ಪಠ್ಯೇತರ ಚಟುವಟಿಕೆಯ ಮಿತಿಯನ್ನು ಎಂದೋ ದಾಟಿದೆ. 1922ರಲ್ಲಿ ನಿರ್ಮಾಣವಾದ ಒಹಾಯೊ ಸ್ಟೇಟ್‌ನ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರು ಕೂರಬಹುದು. ವೃತ್ತಿಪರ ಲೀಗ್‌ಗೆ ಆಟಗಾರರು ಬರುವುದೂ ಮುಖ್ಯವಾಗಿ ಕಾಲೇಜುಗಳಿಂದಲೇ.

ಇಂಥ ವ್ಯವಸ್ಥೆಯಲ್ಲಿ ಕ್ರೀಡಾ ನಿರ್ದೇಶಕನ ಹುದ್ದೆಯನ್ನು ಭಾರತದ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಗೆ ಹೋಲಿಸಲಾಗದು. ತರಬೇತುದಾರರ ನೇಮಕ ಮತ್ತು ವಜಾ, ದೂರದರ್ಶನ ಒಪ್ಪಂದಗಳ ಮಾತುಕತೆ, ದಾನಿಗಳ ಓಲೈಕೆ, ಟಿಕೆಟ್ ದರ, ನಿಯಮಪಾಲನೆಯ ಹೊಣೆ ಇವೆಲ್ಲ ಆತನ ಮೇಜಿಗೇ ಬರುತ್ತವೆ. ಒಹಾಯೊ ಸ್ಟೇಟ್‌ನಲ್ಲಿ ಈತನ ಅಧೀನದಲ್ಲಿ 36 ಕ್ರೀಡೆಗಳ ತಂಡಗಳೂ ಸಾವಿರಕ್ಕೂ ಮಿಕ್ಕಿದ ವಿದ್ಯಾರ್ಥಿ ಕ್ರೀಡಾಪಟುಗಳೂ ಇದ್ದಾರೆ. ಆದಾಯದ ಸಿಂಹಪಾಲು ಫುಟ್‌ಬಾಲ್‌ನಿಂದ, ಆನಂತರ ಪುರುಷರ ಬ್ಯಾಸ್ಕೆಟ್‌ಬಾಲ್‌ನಿಂದ ಬರುತ್ತದೆ. ಈಜು, ಕತ್ತಿವರಸೆ, ದೋಣಿ ಸ್ಪರ್ಧೆ ಮುಂತಾದ ಉಳಿದ ಕ್ರೀಡೆಗಳು ಆ ಹಣದ ಆಸರೆಯಲ್ಲಿ ಬದುಕುತ್ತವೆ.

ಕ್ಲೀವ್‌ಲ್ಯಾಂಡ್‌ನಿಂದ ಕೊಲಂಬಸ್‌ಗೆ

ಜೀನ್ ಸ್ಮಿತ್ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದವರು. ಫುಟ್‌ಬಾಲ್ ವಿದ್ಯಾರ್ಥಿವೇತನದ ಬಲದಿಂದ ನೋಟರ್ ಡೇಮ್ ಸೇರಿದ ಅವರು ರಕ್ಷಣಾ ಸಾಲಿನ ಅಂಚಿನಲ್ಲಿ ಆಡುತ್ತಿದ್ದರು. 1973ರಲ್ಲಿ ಆರಾ ಪಾರ್ಸೀಗಿಯನ್ ಅವರ ತರಬೇತಿಯಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡದ ಸದಸ್ಯರಾಗಿದ್ದರು. 1977ರಲ್ಲಿ ವಾಣಿಜ್ಯ ಆಡಳಿತದ ಪದವಿ ಪಡೆದು ಅಲ್ಲಿಯೇ ಸಹಾಯಕ ತರಬೇತುದಾರರಾದರು. ಅದೇ ವರ್ಷ ಡ್ಯಾನ್ ಡಿವೈನ್ ಅವರ ನೇತೃತ್ವದಲ್ಲಿ ನೋಟರ್ ಡೇಮ್ ಮತ್ತೊಮ್ಮೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಹೀಗೆ ಆಟಗಾರನಾಗಿಯೂ ತರಬೇತುದಾರನಾಗಿಯೂ ಒಂದೊಂದು ರಾಷ್ಟ್ರೀಯ ಪ್ರಶಸ್ತಿಯಲ್ಲಿ ಪಾಲು ಪಡೆದ ಹೆಗ್ಗಳಿಕೆ ಅವರದಾಯಿತು.

ಅಂಗಣದಲ್ಲಿಯೇ ಮುಂದುವರಿಯುವ ಅವಕಾಶವಿದ್ದರೂ ಸ್ಮಿತ್ ಬೇರೊಂದು ದಾರಿ ಹಿಡಿದರು. 1980ರ ದಶಕದ ಆರಂಭದಲ್ಲಿ ತರಬೇತಿಯ ಕೆಲಸ ಬಿಟ್ಟು ಐಬಿಎಂ ಕಂಪನಿಯ ಮಾರಾಟ ವಿಭಾಗ ಸೇರಿದರು. 1983ರಲ್ಲಿ ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾ ಆಡಳಿತಕ್ಕೆ ಬಂದು, ಕೆಲವೇ ವರ್ಷಗಳಲ್ಲಿ ನಿರ್ದೇಶಕರಾದರು. ಆನಂತರ ಅಯೊವಾ ಸ್ಟೇಟ್ (1993ರಿಂದ 2000), ಅರಿಜೋನಾ ಸ್ಟೇಟ್ (2000ದಿಂದ 2005), ಕೊನೆಗೆ ಕೊಲಂಬಸ್ ನಗರದ ಒಹಾಯೊ ಸ್ಟೇಟ್. ಸಣ್ಣ ಸಂಸ್ಥೆಯಿಂದ ಅತಿ ದೊಡ್ಡ ಸಂಸ್ಥೆಯವರೆಗಿನ ಈ ಏಣಿಯನ್ನು ಅವರು ಒಂದೊಂದೇ ಮೆಟ್ಟಿಲಾಗಿ ಹತ್ತಿದರು.

ಸ್ಮಿತ್ ಕಪ್ಪು ವರ್ಣೀಯರು ಎಂಬುದು ಇಲ್ಲಿ ಮುಖ್ಯ. ಅಮೆರಿಕದ ಕಾಲೇಜು ಫುಟ್‌ಬಾಲ್ ಅಂಗಣದಲ್ಲಿ ಕಪ್ಪು ಆಟಗಾರರ ಸಂಖ್ಯೆ ದೊಡ್ಡದು. ಆದರೆ ಅದೇ ವಿಶ್ವವಿದ್ಯಾಲಯಗಳ ಕ್ರೀಡಾ ಕಚೇರಿಗಳಲ್ಲಿ ಅವರು ಬಹುಕಾಲ ಬೆರಳೆಣಿಕೆಯಷ್ಟೇ ಇದ್ದರು. ಕ್ರೀಡಾ ನಿರ್ದೇಶಕರ ರಾಷ್ಟ್ರೀಯ ಸಂಘದ ಅಧ್ಯಕ್ಷರಾದ ಪ್ರಥಮ ಕಪ್ಪು ವ್ಯಕ್ತಿ ಸ್ಮಿತ್. ತಮ್ಮ ಬೆನ್ನಿಗೆ ಹಲವು ಕಿರಿಯ ಅಧಿಕಾರಿಗಳನ್ನು ಬೆಳೆಸಿದ ಕೀರ್ತಿಯೂ ಅವರಿಗಿದೆ. ಅವರ ಸಾಧನೆಯನ್ನು ಅಳೆಯುವಾಗ ಈ ಅಂಶವನ್ನು ಕಡೆಗಣಿಸುವುದು ನ್ಯಾಯವಲ್ಲ.

ಹಣದ ಹೊಳೆ

ಸ್ಮಿತ್ ಆಡುತ್ತಿದ್ದ 1970ರ ದಶಕದಲ್ಲಿ ಕಾಲೇಜು ಪಂದ್ಯಗಳ ದೂರದರ್ಶನ ಪ್ರಸಾರದ ಮೇಲೆ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎಗೆ ಪೂರ್ಣ ಹಿಡಿತವಿತ್ತು. ಎಷ್ಟು ಪಂದ್ಯ ಪ್ರಸಾರವಾಗಬೇಕು, ಯಾವ ತಂಡ ಎಷ್ಟು ಬಾರಿ ಕಾಣಿಸಿಕೊಳ್ಳಬೇಕು ಎಂಬುದನ್ನೆಲ್ಲ ಅದೇ ನಿರ್ಧರಿಸುತ್ತಿತ್ತು. 1984ರಲ್ಲಿ ಒಕ್ಲಹೋಮಾ ವಿಶ್ವವಿದ್ಯಾಲಯದ ಮಂಡಳಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಈ ಏಕಸ್ವಾಮ್ಯವನ್ನು ರದ್ದುಗೊಳಿಸಿತು. ಅಲ್ಲಿಂದ ಮುಂದೆ ವಿಶ್ವವಿದ್ಯಾಲಯಗಳೂ ಅವುಗಳ ಪ್ರಾದೇಶಿಕ ಕೂಟಗಳೂ ಪ್ರಸಾರ ಹಕ್ಕನ್ನು ತಾವೇ ಮಾರತೊಡಗಿದವು.

ಒಹಾಯೊ ಸ್ಟೇಟ್ ಇರುವ ಬಿಗ್ ಟೆನ್ ಕೂಟವು 2007ರಲ್ಲಿ ತನ್ನದೇ ದೂರದರ್ಶನ ವಾಹಿನಿ ಆರಂಭಿಸಿತು. 2022ರಲ್ಲಿ ಅದು ಫಾಕ್ಸ್, ಸಿಬಿಎಸ್ ಮತ್ತು ಎನ್‌ಬಿಸಿ ಸಂಸ್ಥೆಗಳೊಂದಿಗೆ ಮಾಡಿಕೊಂಡ ಏಳು ವರ್ಷಗಳ ಒಪ್ಪಂದದ ಮೌಲ್ಯ 700 ಕೋಟಿ ಡಾಲರ್‌ಗೂ ಹೆಚ್ಚು. ಸ್ಮಿತ್ ಅಧಿಕಾರ ವಹಿಸಿಕೊಂಡಾಗ ಒಹಾಯೊ ಸ್ಟೇಟ್ ಕ್ರೀಡಾ ವಿಭಾಗದ ವಾರ್ಷಿಕ ಆದಾಯ 10 ಕೋಟಿ ಡಾಲರ್‌ನ ಆಸುಪಾಸಿನಲ್ಲಿತ್ತು. 2022ರ ಹಣಕಾಸು ವರ್ಷದಲ್ಲಿ ಅದು 25 ಕೋಟಿ ಡಾಲರ್ ದಾಟಿತು.

ಈ ಹಣ ಎಲ್ಲಿಗೆ ಹೋಯಿತು? ಕಟ್ಟಡಗಳಿಗೆ, ಪ್ರಯಾಣಕ್ಕೆ, ಆದಾಯವಿಲ್ಲದ ಕ್ರೀಡೆಗಳಿಗೆ, ಮತ್ತು ಬಹುಮುಖ್ಯವಾಗಿ ತರಬೇತುದಾರರ ಹಾಗೂ ಅಧಿಕಾರಿಗಳ ವೇತನಕ್ಕೆ. ಒಹಾಯೊ ಸ್ಟೇಟ್‌ನ ಈಗಿನ ಮುಖ್ಯ ತರಬೇತುದಾರ ರಯನ್ ಡೇ ಅವರ ವಾರ್ಷಿಕ ವೇತನ 2025ರ ಒಪ್ಪಂದದಂತೆ 1.25 ಕೋಟಿ ಡಾಲರ್. ಆಟಗಾರನಿಗೆ ಮಾತ್ರ ದಶಕಗಳ ಕಾಲ ಸಿಕ್ಕಿದ್ದು ಬೋಧನಾ ಶುಲ್ಕ, ವಸತಿ, ಊಟ ಮತ್ತು ಪುಸ್ತಕ. ವಿದ್ಯಾರ್ಥಿಯ ದಿನನಿತ್ಯದ ಇತರ ಖರ್ಚುಗಳನ್ನೂ ವಿದ್ಯಾರ್ಥಿವೇತನದಲ್ಲಿ ಸೇರಿಸಲು ದೊಡ್ಡ ಕೂಟಗಳು ಒಪ್ಪಿದ್ದೇ 2015ರಲ್ಲಿ.

2014ರ ಮಾರ್ಚ್‌ನ ಒಂದು ಪ್ರಸಂಗ ಈ ಅಂತರವನ್ನು ಎತ್ತಿ ತೋರಿಸಿತು. ಒಹಾಯೊ ಸ್ಟೇಟ್‌ನ ಕುಸ್ತಿಪಟುವೊಬ್ಬ ರಾಷ್ಟ್ರೀಯ ಪ್ರಶಸ್ತಿ ಗೆದ್ದ. ಸ್ಮಿತ್ ಅವರ ಸೇವಾ ಒಪ್ಪಂದದ ಪ್ರಕಾರ ಈ ಗೆಲುವಿಗಾಗಿ ಅವರಿಗೆ ಒಂದು ವಾರದ ವೇತನ, ಅಂದರೆ 18 ಸಾವಿರ ಡಾಲರ್‌ಗೂ ಹೆಚ್ಚಿನ ಮೊತ್ತ ಬಹುಮಾನವಾಗಿ ಸಂದಿತು. ಅಂದಿನ ವಿನಿಮಯ ದರದಲ್ಲಿ ಅದು ಸುಮಾರು 11 ಲಕ್ಷ ರೂಪಾಯಿ. ಕಣಕ್ಕಿಳಿದು ಸೆಣಸಿದ ವಿದ್ಯಾರ್ಥಿಗೆ ಅಂಥ ಮೊತ್ತ ಸ್ವೀಕರಿಸಲು ಅಂದಿನ ನಿಯಮದಲ್ಲಿ ಅವಕಾಶವಿರಲಿಲ್ಲ. ದೇಶಾದ್ಯಂತ ಟೀಕೆ ಕೇಳಿಬಂತು. ಸ್ಮಿತ್ ಇಲ್ಲಿ ಯಾವ ನಿಯಮವನ್ನೂ ಮುರಿದಿರಲಿಲ್ಲ. ಟೀಕೆ ಗಂಭೀರವಾದದ್ದೇ ಆ ಕಾರಣಕ್ಕೆ, ಏಕೆಂದರೆ ಪ್ರಶ್ನೆ ಎದ್ದದ್ದು ನಿಯಮದ ಬಗೆಗೇ.

ಹಚ್ಚೆ ಪ್ರಕರಣ

ಸ್ಮಿತ್ ಅವರ ಆಡಳಿತಕ್ಕೆ ಅತ್ಯಂತ ದೊಡ್ಡ ಹೊಡೆತ ನೀಡಿದ್ದು 2010-11ರ ಹಚ್ಚೆ ಪ್ರಕರಣ. ತಮ್ಮ ಸ್ಮರಣಿಕೆಗಳನ್ನು ಕೊಲಂಬಸ್‌ನ ಹಚ್ಚೆ ಅಂಗಡಿಯ ಮಾಲೀಕನಿಗೆ ಕೊಟ್ಟು ಆಟಗಾರರು ನಗದು ಹಾಗೂ ರಿಯಾಯಿತಿ ದರದ ಹಚ್ಚೆ ಪಡೆದಿದ್ದರು. ಸ್ಮರಣಿಕೆ ಆಟಗಾರನದೇ ಆದರೂ ಅದನ್ನು ಮಾರುವ ಹಕ್ಕು ಆತನಿಗಿಲ್ಲ ಎಂಬುದು ಎನ್‌ಸಿಎಎ ನಿಲುವಾಗಿತ್ತು. ನಿಷೇಧ ಪ್ರಕಟವಾಯಿತು, ಆದರೆ ಅದು ಜಾರಿಗೆ ಬರುವುದು ಮುಂದಿನ ಋತುವಿನಿಂದ ಎಂದಾಯಿತು. ಹೀಗಾಗಿ 2011ರ ಜನವರಿಯ ಪ್ರತಿಷ್ಠಿತ ಷುಗರ್ ಬೌಲ್ ಪಂದ್ಯದಲ್ಲಿ ಆ ಐವರೂ ಆಡಿದರು. ಟಿಕೆಟ್ ಮಾರಾಟವಾಗಿದ್ದ, ದೂರದರ್ಶನ ಕಾದಿದ್ದ ಪಂದ್ಯಕ್ಕೆ ಮಾತ್ರ ಶಿಸ್ತು ಅಡ್ಡಬರಲಿಲ್ಲ ಎಂಬ ಆಕ್ಷೇಪ ಸಹಜವಾಗಿಯೇ ಕೇಳಿಬಂತು.

ಅನಂತರ ಹೊರಬಂದ ಸಂಗತಿ ಇನ್ನೂ ಗಂಭೀರವಾದುದು. ಮುಖ್ಯ ತರಬೇತುದಾರ ಜಿಮ್ ಟ್ರೆಸೆಲ್ ಅವರಿಗೆ ಈ ವ್ಯವಹಾರದ ಸುಳಿವು 2010ರ ಏಪ್ರಿಲ್‌ನಲ್ಲಿಯೇ ಇ-ಮೇಲ್ ಮೂಲಕ ದೊರೆತಿತ್ತು. ಅವರು ಅದನ್ನು ಮೇಲಧಿಕಾರಿಗಳಿಗೆ ತಿಳಿಸಿರಲಿಲ್ಲ. 2011ರ ಮಾರ್ಚ್ 8ರ ಪತ್ರಿಕಾಗೋಷ್ಠಿಯಲ್ಲಿ ಅವರಿಗೆ ಮೊದಲು ಎರಡೇ ಪಂದ್ಯಗಳ ನಿಷೇಧ ಪ್ರಕಟಿಸಲಾಯಿತು. ಟ್ರೆಸೆಲ್ ಅವರನ್ನು ವಜಾ ಮಾಡುವ ಆಲೋಚನೆಯಿತ್ತೇ ಎಂಬ ಪ್ರಶ್ನೆಗೆ, ತರಬೇತುದಾರರೇ ತಮ್ಮನ್ನು ವಜಾ ಮಾಡದಿದ್ದರೆ ಸಾಕು ಎಂದು ವಿಶ್ವವಿದ್ಯಾಲಯದ ಅಧ್ಯಕ್ಷ ಗಾರ್ಡನ್ ಜೀ ಹಾಸ್ಯ ಮಾಡಿದರು. ಆ ಹಾಸ್ಯದಲ್ಲಿ ಅಧಿಕಾರ ಎಲ್ಲಿತ್ತೆಂಬ ಸತ್ಯವೂ ಅಡಗಿತ್ತು. ಮೇ 30ರಂದು ಟ್ರೆಸೆಲ್ ರಾಜೀನಾಮೆ ನೀಡಿದರು.

ಕೊನೆಗೆ ಬೆಲೆ ತೆತ್ತವರು ಬೇರೆಯವರು. 2010ರ ಋತುವಿನ ಗೆಲುವುಗಳನ್ನು ದಾಖಲೆಯಿಂದ ಅಳಿಸಲಾಯಿತು. 2011ರ ಡಿಸೆಂಬರ್‌ನಲ್ಲಿ ಎನ್‌ಸಿಎಎ ಇನ್ನಷ್ಟು ವಿದ್ಯಾರ್ಥಿವೇತನ ಕಡಿತದೊಂದಿಗೆ, 2012ರ ಋತುವಿನ ಅಂತ್ಯದ ಪಂದ್ಯಾವಳಿಯಿಂದ ತಂಡವನ್ನು ಹೊರಗಿಟ್ಟಿತು. 2011ರ ಋತುವಿನಲ್ಲಿಯೇ ವಿಶ್ವವಿದ್ಯಾಲಯ ಸ್ವಯಂಪ್ರೇರಿತವಾಗಿ ಹಿಂದೆ ಸರಿದಿದ್ದರೆ ಮರುವರ್ಷದ ನಿಷೇಧ ತಪ್ಪಬಹುದಿತ್ತು ಎಂಬ ವಾದವಿದೆ. ಸ್ಮಿತ್ ಹಾಗೆ ಮಾಡಲಿಲ್ಲ. ಸಾಮಾನ್ಯ ಫಲಿತಾಂಶ ಕಂಡಿದ್ದ ತಂಡ ಗೇಟರ್ ಬೌಲ್‌ನಲ್ಲಿ ಆಡಿ ಸೋತಿತು. 2012ರಲ್ಲಿ ಹೊಸ ತರಬೇತುದಾರ ಅರ್ಬನ್ ಮೇಯರ್ ಅವರ ತಂಡ 12 ಪಂದ್ಯಗಳಲ್ಲಿ 12ನ್ನೂ ಗೆದ್ದು ಪ್ರಶಸ್ತಿಗೆ ಸ್ಪರ್ಧಿಸುವ ಅವಕಾಶವಿಲ್ಲದೆ ಮನೆಗೆ ಮರಳಿತು. ಹಚ್ಚೆ ಪ್ರಕರಣಕ್ಕೂ ಆ ತಂಡದ ಬಹುತೇಕ ಆಟಗಾರರಿಗೂ ಯಾವ ಸಂಬಂಧವೂ ಇರಲಿಲ್ಲ.

ಮೇಯರ್ ನೇಮಕ ಮುಂದೆ ಫಲ ನೀಡಿತು. 2015ರ ಜನವರಿಯಲ್ಲಿ ಒರೆಗಾನ್ ತಂಡವನ್ನು 42-20ರಿಂದ ಸೋಲಿಸಿ ಒಹಾಯೊ ಸ್ಟೇಟ್ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಆದರೆ 2018ರ ಆಗಸ್ಟ್‌ನಲ್ಲಿ ಮತ್ತೊಂದು ಬಿಕ್ಕಟ್ಟು. ಸಹಾಯಕ ತರಬೇತುದಾರರೊಬ್ಬರ ಮೇಲಿನ ಕೌಟುಂಬಿಕ ದೌರ್ಜನ್ಯದ ಆರೋಪಗಳನ್ನು ಸರಿಯಾಗಿ ನಿಭಾಯಿಸಲಿಲ್ಲವೆಂದು ವಿಶ್ವವಿದ್ಯಾಲಯವು ಮೇಯರ್ ಅವರನ್ನು ಮೂರು ಪಂದ್ಯಗಳಿಗೆ, ಸ್ಮಿತ್ ಅವರನ್ನು ಎರಡು ವಾರಕ್ಕೂ ಹೆಚ್ಚು ಕಾಲ ವೇತನವಿಲ್ಲದೆ ಅಮಾನತುಗೊಳಿಸಿತು. ಗೆಲುವು ತರುವ ತರಬೇತುದಾರನ ಮುಂದೆ ಕಚೇರಿ ಎಷ್ಟು ದುರ್ಬಲವಾಗುತ್ತದೆ ಎಂಬುದಕ್ಕೆ ಏಳು ವರ್ಷಗಳ ಅಂತರದಲ್ಲಿ ದೊರೆತ ಎರಡನೆಯ ಉದಾಹರಣೆ ಅದು.

ಬದಲಾವಣೆ ಬಂದದ್ದು ಎಲ್ಲಿಂದ?

2014ರಲ್ಲಿ ಎಡ್ ಒ'ಬ್ಯಾನನ್ ಎಂಬ ಮಾಜಿ ಬ್ಯಾಸ್ಕೆಟ್‌ಬಾಲ್ ಆಟಗಾರನ ಮೊಕದ್ದಮೆಯಲ್ಲಿ ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಎನ್‌ಸಿಎಎ ವಿರುದ್ಧ ತೀರ್ಪಿತ್ತರು. 2019ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸಬಹುದೆಂಬ ಕಾನೂನು ಮಾಡಿತು. 2021ರ ಜೂನ್ 21ರಂದು ಆಲ್‌ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಾದವನ್ನು ತಳ್ಳಿಹಾಕಿದರು. ಹತ್ತೇ ದಿನಗಳಲ್ಲಿ, ಜುಲೈ 1ರಂದು, ಆಟಗಾರರು ಜಾಹೀರಾತು ಮತ್ತಿತರ ಮೂಲಗಳಿಂದ ಹಣ ಗಳಿಸುವ ಬಾಗಿಲು ತೆರೆಯಿತು.

ಈ ಪ್ರಕ್ರಿಯೆಯಲ್ಲಿ ಸ್ಮಿತ್ ಅವರ ಪಾತ್ರ ಕುತೂಹಲಕರ. 2019ರಲ್ಲಿ ಎನ್‌ಸಿಎಎ ಇದೇ ವಿಷಯದ ಅಧ್ಯಯನಕ್ಕೆ ನೇಮಿಸಿದ ತಂಡಕ್ಕೆ ಅವರು ಬಿಗ್ ಈಸ್ಟ್ ಕೂಟದ ಆಯುಕ್ತೆ ವ್ಯಾಲ್ ಆಕರ್‌ಮನ್ ಅವರೊಂದಿಗೆ ಜಂಟಿ ಅಧ್ಯಕ್ಷರಾಗಿದ್ದರು. 2020ರ ಏಪ್ರಿಲ್‌ನಲ್ಲಿ ಹೊರಬಂದ ಶಿಫಾರಸುಗಳು ಆಟಗಾರರು ಹೊರಗಿನವರಿಂದ ಹಣ ಪಡೆಯಬಹುದೆಂದು ಒಪ್ಪಿದವು. ಆದರೆ ವಿಶ್ವವಿದ್ಯಾಲಯವೇ ಹಣ ಕೊಡುವಂತಿಲ್ಲ, ಸಂಸ್ಥೆಯ ಲಾಂಛನ ಬಳಸುವಂತಿಲ್ಲ, ಆಟಕ್ಕಾಗಿ ಸಂಬಳ ಎಂಬಂತಾಗಬಾರದು ಎಂಬ ಬೇಲಿಗಳನ್ನೂ ಹಾಕಿದವು. ಒಂದು ಕಾಲದಲ್ಲಿ ವಿದ್ಯಾರ್ಥಿವೇತನದ ಮೇಲೆ ಆಡಿದ್ದ ವ್ಯಕ್ತಿ ಬಾಗಿಲು ತೆರೆಯಲು ಒಪ್ಪಿದರು. ಎಷ್ಟು ತೆರೆಯಬೇಕೆಂಬ ನಿರ್ಧಾರ ಮಾತ್ರ ಕಚೇರಿಯ ಕೈಯಲ್ಲಿಯೇ ಇರಬೇಕೆಂದು ಬಯಸಿದರು.

ಬೇಲಿಗಳು ಬಹುಕಾಲ ನಿಲ್ಲಲಿಲ್ಲ. ದಾನಿಗಳು ಸೇರಿ ಕಟ್ಟಿದ ನಿಧಿಕೂಟಗಳು ಎಲ್ಲೆಡೆ ತಲೆಯೆತ್ತಿದವು. ತಂಡವನ್ನು ಉಳಿಸಿಕೊಳ್ಳಲು 1.3 ಕೋಟಿ ಡಾಲರ್ ಬೇಕಾದೀತೆಂದು 2022ರ ಜೂನ್‌ನಲ್ಲಿ ರಯನ್ ಡೇ ಕೊಲಂಬಸ್‌ನ ಉದ್ಯಮಿಗಳ ಮುಂದೆ ಹೇಳಿದರು. ಅದೇ ವರ್ಷ ಸ್ಮಿತ್ ಅವರೂ ಉನ್ನತ ದರ್ಜೆಯ ಫುಟ್‌ಬಾಲ್ ಅನ್ನು ಎನ್‌ಸಿಎಎ ಚೌಕಟ್ಟಿನಿಂದ ಪ್ರತ್ಯೇಕಿಸಿ ಬೇರೆ ಆಡಳಿತಕ್ಕೆ ಒಪ್ಪಿಸುವ ಆಲೋಚನೆಯನ್ನು ಮುಂದಿಟ್ಟರು. ಮುಂದೆ 2025ರ ಜೂನ್ 6ರಂದು ನ್ಯಾಯಾಧೀಶೆ ವಿಲ್ಕನ್ ಅವರೇ ಒಪ್ಪಿಗೆ ನೀಡಿದ ರಾಜಿ ಒಪ್ಪಂದವು, ಪ್ರತಿ ವಿಶ್ವವಿದ್ಯಾಲಯವೂ ತನ್ನ ಆಟಗಾರರಿಗೆ ಮೊದಲ ವರ್ಷದಲ್ಲಿ 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಲು ಅವಕಾಶ ಕೊಟ್ಟಿತು. ಹಿಂದಿನ ವರ್ಷಗಳ ಆಟಗಾರರಿಗೆ ಪರಿಹಾರವಾಗಿ ಸುಮಾರು 280 ಕೋಟಿ ಡಾಲರ್ ಗೊತ್ತುಪಡಿಸಲಾಯಿತು. ಅಷ್ಟರಲ್ಲಿ ಸ್ಮಿತ್ ನಿವೃತ್ತರಾಗಿ ಒಂದು ವರ್ಷವಾಗುತ್ತ ಬಂದಿತ್ತು.

ಸ್ಮಿತ್ ಅವರ ದೃಷ್ಟಿಕೋನಕ್ಕೂ ಒಂದು ತರ್ಕವಿದೆ, ಅದನ್ನು ಅಲ್ಲಗಳೆಯಲಾಗದು. ನಿರ್ದೇಶಕನಿಗೆ ಫುಟ್‌ಬಾಲ್ ಆಟಗಾರರಷ್ಟೇ ವಿದ್ಯಾರ್ಥಿಗಳಲ್ಲ. ಕೋವಿಡ್ ಕಾಲದಲ್ಲಿ ಪ್ರೇಕ್ಷಕರಿಲ್ಲದೆ ಪಂದ್ಯಗಳು ನಡೆದ ಹಣಕಾಸು ವರ್ಷದಲ್ಲಿ ಒಹಾಯೊ ಸ್ಟೇಟ್ ಕ್ರೀಡಾ ವಿಭಾಗಕ್ಕೆ 6 ಕೋಟಿ ಡಾಲರ್‌ಗೂ ಹೆಚ್ಚಿನ ಕೊರತೆ ಬಿತ್ತು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಆಗ ಸಣ್ಣ ಕ್ರೀಡೆಗಳನ್ನು ಕೈಬಿಟ್ಟವು. ಒಹಾಯೊ ಸ್ಟೇಟ್ 36ನ್ನೂ ಉಳಿಸಿಕೊಂಡಿತು. ಫುಟ್‌ಬಾಲ್‌ನ ಹಣ ಆಟಗಾರರ ಜೇಬಿಗೆ ಹರಿದರೆ ಕತ್ತಿವರಸೆಯ ವಿದ್ಯಾರ್ಥಿನಿಯ ಗತಿಯೇನು ಎಂಬ ಆತಂಕ ನಿಜವಾದುದೇ. ಸ್ಮಿತ್ ಅವರ ಕೊನೆಯ ಹಣಕಾಸು ವರ್ಷದಲ್ಲಿಯೂ ವಿಭಾಗ 3.7 ಕೋಟಿ ಡಾಲರ್‌ಗೂ ಮಿಕ್ಕಿದ ಕೊರತೆ ತೋರಿಸಿತು. ಆಟಗಾರರಿಗೆ ನೇರ ಪಾವತಿ ಆರಂಭವಾಗುವ ಮೊದಲಿನ ಲೆಕ್ಕವಿದು ಎಂಬುದನ್ನು ಗಮನಿಸಬೇಕು. 25 ಕೋಟಿ ಡಾಲರ್ ಆದಾಯವಿರುವ ಸಂಸ್ಥೆಗೂ ಸಾಲದಾಗುತ್ತದೆ ಎಂದರೆ, ಕೊರತೆಯ ಮೂಲವನ್ನು ಆಟಗಾರರ ಪಾಲಿನಲ್ಲಿ ಮಾತ್ರ ಹುಡುಕುವುದು ಸರಿಯಾಗದು. ವೇತನ, ಪರಿಹಾರಧನ ಮತ್ತು ಕಟ್ಟಡಗಳ ಸ್ಪರ್ಧೆ ಅದಕ್ಕಿಂತ ಮುಂಚಿನದು.

ಕುರ್ಚಿಯ ಸ್ವಭಾವ

ಸ್ಮಿತ್ ದಕ್ಷ ಆಡಳಿತಗಾರರಾಗಿದ್ದರು ಎಂಬುದರಲ್ಲಿ ಸಂದೇಹವಿಲ್ಲ. ನಾಲ್ಕು ವಿಶ್ವವಿದ್ಯಾಲಯಗಳು ಸುಮಾರು ನಾಲ್ಕು ದಶಕಗಳ ಕಾಲ ಅವರನ್ನು ನಂಬಿದವು. ಆಟಗಾರರ ಬಗ್ಗೆ ಅವರಿಗೆ ಕಾಳಜಿ ಇರಲಿಲ್ಲವೆನ್ನಲೂ ಆಧಾರವಿಲ್ಲ. ಆದರೆ ಅವರು ಆಡುತ್ತಿದ್ದ ಕಾಲದ ಒಂದು ಮೂಲಭೂತ ಅಸಮತೋಲನ, ಅಂದರೆ ಬೆವರು ಒಬ್ಬರದು, ಕರಾರು ಇನ್ನೊಬ್ಬರದು ಎಂಬ ಸ್ಥಿತಿ, ಅವರು ಅಧಿಕಾರದಲ್ಲಿದ್ದ ಬಹುಕಾಲ ಹಾಗೆಯೇ ಮುಂದುವರಿಯಿತು. ಅದನ್ನು ಅಲುಗಾಡಿಸಿದ್ದು ಮಾಜಿ ಆಟಗಾರರು ಹೂಡಿದ ಮೊಕದ್ದಮೆಗಳು, ರಾಜ್ಯಗಳ ಶಾಸನಸಭೆಗಳು ಮತ್ತು ನ್ಯಾಯಾಲಯಗಳು. ಮಾಜಿ ಆಟಗಾರರು ಕುಳಿತಿದ್ದ ಕಚೇರಿಗಳಲ್ಲ.

ಇದಕ್ಕೆ ಕಾರಣ ವ್ಯಕ್ತಿಯ ದೌರ್ಬಲ್ಯಕ್ಕಿಂತ ಹುದ್ದೆಯ ರಚನೆಯಲ್ಲಿದೆ. ನಿರ್ದೇಶಕನನ್ನು ನೇಮಿಸುವವರು ವಿಶ್ವವಿದ್ಯಾಲಯದ ಅಧ್ಯಕ್ಷರು, ಒತ್ತಡ ಹೇರುವವರು ದಾನಿಗಳು, ಅಳೆಯುವವರು ಗೆಲುವು ಮತ್ತು ಆದಾಯದ ಅಂಕಿಗಳಿಂದ. ಈ ಪಟ್ಟಿಯಲ್ಲಿ ಆಟಗಾರನಿಗೆ ಮತವಿಲ್ಲ. ಅಂಥ ಕುರ್ಚಿಯಲ್ಲಿ ಕುಳಿತವನಿಗೆ ಹಿಂದೆ ತಾನೂ ಜರ್ಸಿ ತೊಟ್ಟಿದ್ದ ನೆನಪು ಸಹಾನುಭೂತಿಯನ್ನು ಕೊಡಬಲ್ಲದು. ಅಧಿಕಾರದ ಹಂಚಿಕೆಯನ್ನು ಬದಲಿಸಲಾರದು.

2025ರ ಒಪ್ಪಂದದ ನಂತರವೂ ಈ ರಚನೆ ಬದಲಾಗಿಲ್ಲ. ಹಂಚಿಕೆಯ ಮಿತಿ ನಿಗದಿಯಾಗಿದೆ. ಯಾವ ಕ್ರೀಡೆಗೆ ಎಷ್ಟು, ಯಾವ ಆಟಗಾರನಿಗೆ ಎಷ್ಟು ಎಂಬುದನ್ನು ನಿರ್ಧರಿಸುವುದು ನಿರ್ದೇಶಕನೇ. ಆಟಗಾರರ ಪರವಾಗಿ ಸಾಮೂಹಿಕ ಚೌಕಾಸಿ ನಡೆಸುವ ಮಾನ್ಯತೆ ಪಡೆದ ಸಂಘ ಕಾಲೇಜು ಕ್ರೀಡೆಯಲ್ಲಿಲ್ಲ. ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಆಟಗಾರರು 2024ರ ಮಾರ್ಚ್‌ನಲ್ಲಿ ಸಂಘ ರಚನೆಗೆ ಮತ ಹಾಕಿದರಾದರೂ, ಅದೇ ವರ್ಷದ ಕೊನೆಯಲ್ಲಿ ಆ ಅರ್ಜಿಯನ್ನು ಹಿಂದಕ್ಕೆ ಪಡೆಯಲಾಯಿತು. ಹೊಸ ಹಣ ಬಂದಿದೆ, ಹೊಸ ಮೇಜು ಬಂದಿಲ್ಲ. ಕ್ರೀಡಾ ಸಂಸ್ಥೆಯ ಸುಧಾರಣೆಯೆಂದರೆ ಮಾಜಿ ಆಟಗಾರನೊಬ್ಬನನ್ನು ಅಧಿಕಾರಕ್ಕೆ ತಂದು ಕೂರಿಸುವುದು ಎಂದು ಭಾವಿಸುವವರು, ಇಂದಿನ ಆಟಗಾರನಿಗೆ ಅಲ್ಲಿ ಸ್ಥಾನವಿದೆಯೇ ಎಂಬುದನ್ನು ಮೊದಲು ಕೇಳಬೇಕಾಗುತ್ತದೆ.